ವಾಟರ್ ರಿಪೋರ್ಟಿನಲ್ಲಿ ಯುರೇನಿಯಂ ಕಾಲಂ ಎಲ್ಲಿ?

ಯುರೇನಿಯಂ ಅಂದ ಕೂಡಲೇ ನಮ್ಮ ತಲೆಗೆ ಬರೋದು ಬಾಂಬು, ಇಲ್ಲಾ ಕೈಗಾ, ಇಲ್ಲಾ ಇಂಗ್ಲಿಷ್ ಸಿನಿಮಾದಲ್ಲಿ ಹಸಿರಾಗಿ ಹೊಳೆಯೋ ಡಬ್ಬಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಡುಗೆಮನೆಯ ಬಿಂದಿಗೆ ಯಾರ ತಲೆಗೂ ಬರಲ್ಲ. ಆದರೆ ಸದ್ಯಕ್ಕೆ ನಾವು ಯೋಚನೆ ಮಾಡಬೇಕಿರೋದು ಆ ಬಿಂದಿಗೆ ಬಗ್ಗೆ.

ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಕೇಂದ್ರದ ಆರ್. ಶ್ರೀನಿವಾಸನ್ ಮತ್ತು ಅವರ ಜೊತೆಗಾರರು ಕೆಲವು ವರ್ಷಗಳ ಹಿಂದೆ ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷೆ ಮಾಡಿದರು. ಅದರಲ್ಲಿ 57 ಹಳ್ಳಿಗಳ ನೀರಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. 48 ಹಳ್ಳಿಗಳಲ್ಲಿ 60 ಮೈಕ್ರೋಗ್ರಾಂ ಕೂಡಾ ದಾಟಿತ್ತು. (ಒಂದು ಮೈಕ್ರೋಗ್ರಾಂ ಅಂದ್ರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ.) 73 ಹಳ್ಳಿ ಅಂದ್ರೆ ಇಡೀ ಬಯಲುಸೀಮೆ ಅಲ್ಲ, ಒಪ್ಪಿಕೊಳ್ಳೋಣ. ಎಲ್ಲಾ ಹಳ್ಳಿಗಳ ಕತೆಯೂ ಹೀಗೇ ಅಂತ ಇದರಿಂದ ಹೇಳೋಕಾಗಲ್ಲ. ಆದರೆ ನೋಡಿದ 73ರಲ್ಲಿ 57 ಅಂದ್ರೆ, ಇನ್ನೂ ನೋಡದೇ ಇರೋ ಸಾವಿರಾರು ಹಳ್ಳಿಗಳ ಕತೆ ಏನು ಅಂತ ಕೇಳೋ ಹಕ್ಕು ನಮಗಿದೆ ಅಲ್ವಾ?

ಇದೇನೂ ಹೊಸ ಸುದ್ದಿ ಅಲ್ಲ, ಅದೇ ಬೇಜಾರು. 2008ರಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿ ಮಾಡಿದ ಕೋಲಾರ ಜಿಲ್ಲೆಯ ಅಧ್ಯಯನವೊಂದು ಪ್ರಕಟ ಆಗಿತ್ತು. ಅದರಲ್ಲಿ ಕನಿಷ್ಠ 0.3, ಗರಿಷ್ಠ 1,442.9 ಮೈಕ್ರೋಗ್ರಾಂ ಅಂತಿದೆ. ಎಲ್ಲಿ 30, ಎಲ್ಲಿ 1,442! ಒಂದು ಜಿಲ್ಲೆಯ ಒಳಗೇ ಇಷ್ಟು ವ್ಯತ್ಯಾಸ. ಅಂದ್ರೆ ಪಕ್ಕದೂರಿನ ನೀರು ಚೆನ್ನಾಗಿದೆ ಅನ್ನೋದು ನಮ್ಮೂರಿನ ನೀರಿಗೆ ಸರ್ಟಿಫಿಕೇಟ್ ಅಲ್ಲ. ಒಂದೊಂದು ಬೋರ್‌ವೆಲ್ಲನ್ನೂ ಬೇರೆ ಬೇರೆಯಾಗೇ ನೋಡಬೇಕು.

ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ ಇದು 2008ರಲ್ಲೇ ರಿಪೋರ್ಟ್ ಆಗಿರೋ ಬಗ್. ಸೀರಿಯಸ್ ಅಂತಾನೂ ಬರೆದಿದೆ. ಆದರೆ ಯಾರ ಹೆಸರಿಗೂ ಅಸೈನ್ ಆಗಿಲ್ಲ.

ಹೋದ ವರ್ಷ ನಮ್ಮೂರಿಗೆ ನೀರು ಕೊಡೋ ಬೋರ್‌ವೆಲ್‌ನ ಟೆಸ್ಟ್ ರಿಪೋರ್ಟ್ ಕೊಡಿ ಅಂತ ಸಂಬಂಧಪಟ್ಟ ಕಛೇರಿಯೊಂದರಲ್ಲಿ ಕೇಳಿದೆ. ನಮ್ಮೂರು ಇರೋದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಎರಡು ಸಲ "ನಾಳೆ ಬನ್ನಿ" ಆದ ಮೇಲೆ ಒಂದು ಹಾಳೆ ಸಿಕ್ತು. ಪಿ.ಎಚ್., ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ... ಎಲ್ಲಾ ನೀಟಾಗಿ ಟೈಪ್ ಮಾಡಿದ್ದರು, ಕೆಳಗೆ ಸೀಲೂ ಇತ್ತು. ಯುರೇನಿಯಂ ಕಾಲಂ ಇರಲಿಲ್ಲ. ಕೇಳಿದ್ದಕ್ಕೆ "ಅದೆಲ್ಲಾ ನಮ್ ಕಡೆ ಬರಲ್ಲ ಬಿಡಿ ಸಾರ್, ಗಣಿ ಇರೋ ಕಡೆ" ಅಂದರು. ಅವರ ಮೇಲೆ ನನಗೇನೂ ಕೋಪ ಇಲ್ಲ. ಫಾರ್ಮಿನಲ್ಲಿ ಇಲ್ಲದ ಕಾಲಂ ಅವರಾದರೂ ಎಲ್ಲಿಂದ ತುಂಬಬೇಕು?

ಆದರೆ "ಗಣಿ ಇರೋ ಕಡೆ" ಅನ್ನೋ ಆ ಮಾತಿದೆಯಲ್ಲ, ಅದನ್ನ ಸ್ವಲ್ಪ ಬಿಡಿಸಿ ನೋಡಬೇಕು. ಇಡೀ ವಿಷಯ ಹಳ್ಳ ಹಿಡಿದಿರೋದೇ ಅಲ್ಲಿ.

ಗಣಿಯಿಂದ ನೀರು ಕೆಡೋ ಕತೆ ಬೇರೆ. ನಮಗೆ ಹತ್ತಿರದ ಉದಾಹರಣೆ ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲೆ. ಅಲ್ಲಿ ಯುರೇನಿಯಂ ಕಾರ್ಪೊರೇಷನ್ ಗಣಿ ನಡೆಸುತ್ತೆ, 2012ರಿಂದ ಅದಿರು ಸಂಸ್ಕರಿಸೋ ಕಾರ್ಖಾನೆಯೂ ಇದೆ. ತ್ಯಾಜ್ಯದ ಕೊಳದಿಂದ ನಮ್ಮ ಬೋರ್‌ವೆಲ್ ಕೆಟ್ಟಿತು, ಬಾಳೆತೋಟ ಹಾಳಾಯಿತು ಅಂತ ಸುತ್ತಲಿನ ರೈತರು ದೂರಿದರು. 2018ರಲ್ಲಿ ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿ ನೋಟೀಸ್ ಕೊಟ್ಟಿತು. ಕಂಪನಿ ಆರೋಪ ಒಪ್ಪಲಿಲ್ಲ. ಯಾರದ್ದು ಸರಿ ಅನ್ನೋದು ಹಾಗಿರಲಿ, ಅಲ್ಲಿ ಕೈ ತೋರಿಸೋಕೆ ಒಂದು ಕಂಪನಿ ಇದೆ, ನೋಟೀಸ್ ಅಂಟಿಸೋಕೆ ಒಂದು ಗೇಟ್ ಇದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಯುರೇನಿಯಂ ಗಣಿ ಇಲ್ಲ. ಕೆ.ಜಿ.ಎಫ್. ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಅದರ ಸಯನೈಡ್ ದಿಬ್ಬಗಳದ್ದು ಬೇರೆಯೇ ರಾಮಾಯಣ. ಇಲ್ಲಿ ಯುರೇನಿಯಂ ಇರೋದು ಕಾಲಕೆಳಗಿನ ಬಂಡೆಯಲ್ಲಿ. ಯಾರೂ ತಂದು ಸುರಿದಿದ್ದಲ್ಲ.

ಪೂರ್ವ ಕರ್ನಾಟಕದ ನೆಲದಡಿ ಇರೋದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್, ನೈಸ್ ಬಂಡೆಗಳು. (ನೈಸ್ ರೋಡಿಗೂ ಇದಕ್ಕೂ ಸಂಬಂಧ ಇಲ್ಲ :) ) ರಾಮನಗರದಿಂದ ತುಮಕೂರು, ಚಿತ್ರದುರ್ಗ ದಾಟಿ ಬಳ್ಳಾರಿ ಕಡೆಗೆ ಹೋಗೋ ಉದ್ದನೆಯ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅಂತಾನೇ ಹೆಸರಿಟ್ಟಿದ್ದಾರೆ. ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು. ಗ್ರಾನೈಟಿನಲ್ಲಿ ಯುರೇನಿಯಂ ಇರೋದು ಸಹಜ, ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ. ಕಲ್ಲಿನೊಳಗೆ ಅದರ ಪಾಡಿಗೆ ಇದ್ದರೆ ನಮಗೇನೂ ತೊಂದರೆ ಇಲ್ಲ. ನಮ್ಮ ತಾತಂದಿರು ಅದೇ ಬಂಡೆ ಮೇಲೆ ರಾಗಿ ಒಕ್ಕಿದ್ದಾರೆ.

ತೊಂದರೆ ಶುರುವಾಗೋದು ಅದು ನೀರಿಗಿಳಿದಾಗ. ಯುರೇನಿಯಂಗೆ ಎರಡು ಮುಖ್ಯ ರೂಪ ಇದೆ. ಗಾಳಿ ಇಲ್ಲದ ಕಡೆ ಇರೋ ರೂಪ ನೀರಲ್ಲಿ ಕರಗೋದೇ ಇಲ್ಲ ಅನ್ನಬಹುದು. ಆಮ್ಲಜನಕ ತಾಗಿದರೆ ಅದು ಇನ್ನೊಂದು ರೂಪಕ್ಕೆ ಬದಲಾಗುತ್ತೆ, ಆಗ ನೀರಲ್ಲಿರೋ ಬೈಕಾರ್ಬನೇಟ್ ಮತ್ತು ಕ್ಯಾಲ್ಸಿಯಂ ಜೊತೆ ಕೈ ಹಿಡಿದು ಆರಾಮಾಗಿ ಕರಗಿಬಿಡುತ್ತೆ. ನಮ್ಮ ಕಡೆ ನೀರು ಹೇಗೂ ಗಡಸು, ಬೈಕಾರ್ಬನೇಟಿಗೆ ಬರ ಇಲ್ಲ. ಮೂವತ್ತು ನಲವತ್ತು ಅಡಿ ಬಾವಿಯ ನೀರು ವರ್ಷಾ ವರ್ಷ ಮಳೆಯಿಂದ ಹೊಸದಾಗ್ತಾ ಇರುತ್ತೆ. ಸಾವಿರ ಅಡಿ ಕೆಳಗಿನ ಬಿರುಕಲ್ಲಿರೋ ನೀರು ಬಹಳ ಕಾಲದಿಂದ ಬಂಡೆಗೆ ಅಂಟಿಕೊಂಡು ಕೂತಿರುತ್ತೆ. ಟೀ ಪುಡಿ ಹೆಚ್ಚು ಹೊತ್ತು ನೆನೆದಷ್ಟೂ ಡಿಕಾಕ್ಷನ್ ಗಟ್ಟಿ ಅಲ್ವಾ, ಹಾಗೆ. ಅದರ ಮೇಲೆ ನಾವು ನೀರೆತ್ತಿ ಎತ್ತಿ ಅಂತರ್ಜಲ ಇಳಿಸಿದಾಗ, ಯಾವತ್ತೂ ಗಾಳಿ ಕಾಣದ ಬಿರುಕುಗಳಿಗೆ ಗಾಳಿ ಹೋಗುತ್ತೆ. ಕರಗದೇ ಇದ್ದದ್ದು ಕರಗೋಕೆ ಶುರುವಾಗುತ್ತೆ.

ಇದಕ್ಕೆ ಗೊಬ್ಬರದ ನೈಟ್ರೇಟೂ ಸೇರಿಕೊಳ್ಳುತ್ತೆ. ಅಮೆರಿಕದ ಎರಡು ದೊಡ್ಡ ಅಂತರ್ಜಲ ಪ್ರದೇಶಗಳ ಮೇಲೆ ನೆಬ್ರಾಸ್ಕಾ ವಿಶ್ವವಿದ್ಯಾಲಯದ ನೋಲನ್ ಮತ್ತು ವೆಬರ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೈಟ್ರೇಟ್ ಜಾಸ್ತಿ ಇರೋ ಕಡೆ ಯುರೇನಿಯಂ ಕೂಡಾ ಜಾಸ್ತಿ ಇರೋ ಸಂಬಂಧ ಕಂಡಿತ್ತು. ರಾಜಸ್ತಾನ, ಗುಜರಾತಿನ 324 ಬಾವಿಗಳನ್ನ ಅಧ್ಯಯನ ಮಾಡಿದ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಕೂಡಾ 2018ರಲ್ಲಿ ಇಂಥದ್ದೇ ಮಾತು ಹೇಳಿತು: ಮೂಲ ಬಂಡೆಯದ್ದೇ, ಆದರೆ ಅಂತರ್ಜಲ ಇಳಿತ ಮತ್ತು ನೈಟ್ರೇಟ್ ಅದನ್ನ ಇನ್ನೂ ಹೆಚ್ಚಿಸ್ತಾ ಇರಬಹುದು ಅಂತ. ಹಾಗಾಗಿ "ಇದು ಪ್ರಕೃತಿ ಕೊಟ್ಟಿದ್ದು, ನಾವೇನು ಮಾಡೋಕಾಗುತ್ತೆ" ಅನ್ನೋದು ಅರ್ಧ ಸತ್ಯ. ಯುರೇನಿಯಂ ಪ್ರಕೃತಿಯದ್ದು, ಸರಿ. ಸಾವಿರದಿನ್ನೂರು ಅಡಿ ಪೈಪ್ ನಮ್ಮದು.

ಈಗ ಮುಖ್ಯ ಪ್ರಶ್ನೆ, ಇದರಿಂದ ಏನಾಗುತ್ತೆ? ಇಲ್ಲಿ ಎರಡು ಥರದ ಜನ ಇದ್ದಾರೆ. ಒಬ್ಬರು "ಅಯ್ಯೋ ರೇಡಿಯೇಷನ್, ಊರಿಗೆ ಊರೇ ಕ್ಯಾನ್ಸರ್" ಅಂತ ವಾಟ್ಸಾಪ್ ಫಾರ್ವರ್ಡ್ ಮಾಡೋರು. ಇನ್ನೊಬ್ಬರು "ಏನೂ ಆಗಲ್ಲ, ನಮ್ಮಜ್ಜ ತೊಂಬತ್ತು ವರ್ಷ ಇದ್ದರು" ಅನ್ನೋರು. ಅಜ್ಜ ಕುಡಿದಿದ್ದು ಕಲ್ಯಾಣಿ ನೀರು ಸ್ವಾಮಿ, ಸಾವಿರದಿನ್ನೂರು ಅಡಿ ನೀರಲ್ಲ.

ಪ್ರಾಕೃತಿಕ ಯುರೇನಿಯಂನಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಇರೋದು ಯುರೇನಿಯಂ-238. ಅದರ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ. ಅಷ್ಟು ನಿಧಾನ ಅಂದ್ರೆ ವಿಕಿರಣ ಕಡಿಮೆ ಅಂತಾನೇ ಅರ್ಥ. ಕುಡಿಯೋ ನೀರಿನ ವಿಷಯದಲ್ಲಿ ಮೊದಲ ಚಿಂತೆ ವಿಕಿರಣ ಅಲ್ಲ, ಅದೊಂದು ಭಾರಲೋಹ ಅನ್ನೋದು. ಸೀಸ, ಕ್ಯಾಡ್ಮಿಯಂ ಥರ. ಕುಡಿದದ್ದರಲ್ಲಿ ಬಹುಪಾಲು ಹಾಗೇ ಹೊರಗೆ ಹೋಗುತ್ತೆ, ನೂರಕ್ಕೆ ಒಂದೆರಡು ಪಾಲು ಮಾತ್ರ ರಕ್ತಕ್ಕೆ ಸೇರುತ್ತೆ. ರಕ್ತಕ್ಕೆ ಸೇರಿದ್ದು ಕಿಡ್ನಿ ಮೂಲಕ ಹೋಗುವಾಗ ಅಲ್ಲಿನ ಸಣ್ಣ ನಾಳಗಳಿಗೆ ಪೆಟ್ಟು ಕೊಡಬಹುದು.

ನಮ್ಮ ಥರಾನೇ ಗ್ರಾನೈಟ್ ನೆಲ ಇರೋ ಫಿನ್‌ಲ್ಯಾಂಡಿನಲ್ಲಿ ಕೊರೆದ ಬಾವಿಗಳ ನೀರು ಕುಡಿಯೋ 325 ಜನರನ್ನ ಪರೀಕ್ಷೆ ಮಾಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಯುರೇನಿಯಂ ಹೆಚ್ಚಾದಷ್ಟೂ ಕ್ಯಾಲ್ಸಿಯಂ, ಫಾಸ್ಫೇಟ್ ಮೂತ್ರದಲ್ಲಿ ಸ್ವಲ್ಪ ಹೆಚ್ಚು ಸೋರೋ ಲಕ್ಷಣ ಕಂಡಿತು. ಕಿಡ್ನಿ ಫೇಲ್ಯೂರ್ ಕಾಣಲಿಲ್ಲ. ಅಂದ್ರೆ ಭಯ ಬಿದ್ದು ಊರು ಬಿಡೋ ವಿಷಯ ಅಲ್ಲ, ಹಾಗಂತ ನಿರ್ಲಕ್ಷ್ಯ ಮಾಡೋದೂ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಜನ ಫಿನ್‌ಲ್ಯಾಂಡಿನ ಜನ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಿತಿ ಲೆಕ್ಕ ಹಾಕುವಾಗ ಇಟ್ಟುಕೊಳ್ಳೋದು 60 ಕೆಜಿ ತೂಕದ ವ್ಯಕ್ತಿ ದಿನಕ್ಕೆ 2 ಲೀಟರ್ ನೀರು ಕುಡೀತಾನೆ ಅಂತ. ಏಪ್ರಿಲ್ ಬಿಸಿಲಲ್ಲಿ ಟೊಮ್ಯಾಟೊ ತೋಟದಲ್ಲಿ ಕೂಲಿ ಮಾಡೋ ಹೆಂಗಸನ್ನ ಕೇಳಿ, ಎರಡು ಲೀಟರ್ ಬೆಳಿಗ್ಗೆ ಹನ್ನೊಂದಕ್ಕೇ ಮುಗಿದಿರುತ್ತೆ. ಅವರ ತೂಕ 60 ಕೆಜಿ ಇರೋದೂ ಅನುಮಾನ. ಜೊತೆಗೆ ಅದೇ ನೀರಲ್ಲಿ ಫ್ಲೋರೈಡ್ ಬೇರೆ. ಮಿತಿ ಅನ್ನೋದು ಒಂದು ಲೆಕ್ಕ, ಲೆಕ್ಕದ ಒಳಗಿರೋ ಮನುಷ್ಯ ಯಾರು ಅಂತ ನೋಡದೇ ಅದನ್ನ ಗೋಡೆಗೆ ಅಂಟಿಸಿದರೆ ಪ್ರಯೋಜನ ಇಲ್ಲ.

ಮಿತಿಯ ಕತೆಯೂ ಮಜವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ 2 ಮೈಕ್ರೋಗ್ರಾಂ ಅಂತಿತ್ತು, 2004ರಲ್ಲಿ 15 ಅಂತು, 2011ರಲ್ಲಿ 30 ಅಂತು. ಜರ್ಮನಿಯವರು 10ಕ್ಕೇ ನಿಂತರು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 2004ರಲ್ಲಿ ವಿಕಿರಣದ ಲೆಕ್ಕ ಹಿಡಿದು 60 ಅಂತು. ಕಿಡ್ನಿಯ ಲೆಕ್ಕ ಹಿಡಿದರೆ 30. ಕುಡಿಯೋ ನೀರಿನ ಭಾರತೀಯ ಮಾನಕದಲ್ಲಿ ಬಹಳ ವರ್ಷ ಯುರೇನಿಯಂ ಹೆಸರೇ ಇರಲಿಲ್ಲ. 2021ರ ಹೊತ್ತಿಗೆ ಅದೂ 30 ಮೈಕ್ರೋಗ್ರಾಂ ಅಂತ ಸೇರಿಸಿಕೊಂಡಿತು. ಮೇಲಿನ ಅಧ್ಯಯನದಲ್ಲಿ 57ರಿಂದ 48 ಕಳೆಯಿರಿ. 9 ಹಳ್ಳಿ. ಒಂದು ಪುಸ್ತಕದ ಪ್ರಕಾರ ಆ 9 ಹಳ್ಳಿಗಳ ನೀರು ಓಕೆ, ಇನ್ನೊಂದರ ಪ್ರಕಾರ ಓಕೆ ಅಲ್ಲ. ನೀರು ಅದೇ, ಕುಡಿಯೋರೂ ಅವರೇ! ಈಗ ಮಾನಕ ಬಂದಿದೆ, ಒಳ್ಳೇದು. ಆದರೆ ಮಾನಕ ಪುಸ್ತಕದಲ್ಲಿದ್ದು ಟೆಸ್ಟ್ ರಿಪೋರ್ಟಿನಲ್ಲಿ ಇಲ್ಲದಿದ್ದರೆ ಏನು ಬಂತು?

ಕೇಂದ್ರ ಅಂತರ್ಜಲ ಮಂಡಳಿ 2020ರಲ್ಲಿ ದೇಶದ ಯುರೇನಿಯಂ ವರದಿ ತಂತು. 18 ರಾಜ್ಯಗಳ 151 ಜಿಲ್ಲೆಗಳ ಕೆಲವು ಭಾಗಗಳಲ್ಲಿ ಮಿತಿ ಮೀರಿದೆ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿತು. ದೊಡ್ಡ ಕೆಲಸ, ಮೆಚ್ಚಬೇಕು. ಆದರೆ ಆ ವರದಿ ಇರೋದು ಮೇಲ್ಪದರದ ಅಂತರ್ಜಲದ ಬಗ್ಗೆ. ನಮ್ಮ ಜಿಲ್ಲೆಗಳಲ್ಲಿ ಜನ ಮೇಲ್ಪದರ ಬರಿದು ಮಾಡಿ ಎಷ್ಟೋ ವರ್ಷ ಆಯ್ತು. ಅಳೆಯೋದು ಒಂದು ನೀರು, ಕುಡಿಯೋದು ಇನ್ನೊಂದು ನೀರು. ಸರ್ವರ್ ಡೌನ್ ಆಗಿರೋದು ಒಂದು ಕಡೆ, ನಾವು ಡ್ಯಾಶ್‌ಬೋರ್ಡ್ ನೋಡ್ತಾ ಇರೋದು ಇನ್ನೊಂದು ಕಡೆ ಅನ್ನೋ ಹಾಗಾಯ್ತು.

"ಊರೂರಿಗೂ ಶುದ್ಧ ನೀರಿನ ಘಟಕ ಬಂದಿದೆಯಲ್ಲ, ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡರಾಯ್ತು" ಅನ್ನೋರಿದ್ದಾರೆ. ನಿಜ, ಚೆನ್ನಾಗಿರೋ ಆರ್.ಓ. ಮೆಂಬ್ರೇನ್ ಯುರೇನಿಯಂನ ಶೇಕಡಾ 90ಕ್ಕಿಂತ ಹೆಚ್ಚು ತೆಗೆಯುತ್ತೆ. ಇವತ್ತಿನ ಮಟ್ಟಿಗೆ ಆ ಘಟಕ ಇರೋ ಊರಿನವರು ಅದನ್ನ ಬಿಡಿ ಅಂತ ನಾನು ಹೇಳ್ತಾ ಇಲ್ಲ. ಕುಡಿಯೋಕೆ ಅದೇ ವಾಸಿ. ಆದರೆ ಮೂರು ವಿಷಯ ಗಮನಿಸಿ.

ಒಂದು, ಮೆಂಬ್ರೇನ್ ಹಳೇದಾದರೆ ಸೋರುತ್ತೆ. ಅದನ್ನ ಬದಲಾಯಿಸಿದ್ದು ಯಾವಾಗ ಅಂತ ಕೇಳಿ ನೋಡಿ, ಎಷ್ಟು ಊರಲ್ಲಿ ಉತ್ತರ ಸಿಗುತ್ತೆ ಅಂತ.

ಎರಡು, ಟಿ.ಡಿ.ಎಸ್. ಮೀಟರ್. ಪೆನ್ನಿನಂಥ ಮೀಟರ್ ಅದ್ದಿ "ನೋಡಿ ಸಾರ್, 50 ಬಂತು, ಪ್ಯೂರ್" ಅಂತಾರಲ್ಲ. ಆ ಮೀಟರ್ ಕಾಣೋದು ಒಟ್ಟು ಲವಣಗಳ ಅಂದಾಜು. ಲೀಟರಿಗೆ 500 ಮಿಲಿಗ್ರಾಂ ಲವಣ ಇರೋ ನೀರಲ್ಲಿ 100 ಮೈಕ್ರೋಗ್ರಾಂ ಯುರೇನಿಯಂ ಇದ್ದರೆ ಅದು ಐದು ಸಾವಿರದಲ್ಲಿ ಒಂದು ಪಾಲು. ಮೀಟರಿಗೆ ಅದು ಕಾಣೋದೇ ಇಲ್ಲ. ಹಾಗೇ ಕಾಯಿಸಿ ಆರಿಸಿದ ನೀರೂ ಉಪಯೋಗ ಇಲ್ಲ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಲೋಹ ಸಾಯಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಲೋಹದ ಪ್ರಮಾಣ ಏರುತ್ತೆ. ಯು.ವಿ. ಫಿಲ್ಟರಿನ ಕತೆಯೂ ಅಷ್ಟೇ, ಅದು ಕ್ರಿಮಿಗೆ ಮಾತ್ರ.

ಮೂರು, ತೆಗೆದ ಯುರೇನಿಯಂ ಎಲ್ಲಿ ಹೋಯ್ತು? ಮಾಯ ಅಂತೂ ಆಗಲ್ಲ. ಲೆಕ್ಕಕ್ಕೆ ಅಂತ 100 ಮೈಕ್ರೋಗ್ರಾಂ ಇರೋ 100 ಲೀಟರ್ ನೀರು ತಗೊಳ್ಳಿ. 50 ಲೀಟರ್ ಒಳ್ಳೇ ನೀರು ಬಂತು, 50 ಲೀಟರ್ ಹೊರಗೆ ಹೋಯ್ತು ಅಂದ್ಕೊಳ್ಳಿ. ಹೊರಗೆ ಹೋದ ನೀರಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು, ಲೀಟರಿಗೆ 200 ಮೈಕ್ರೋಗ್ರಾಂ ಹತ್ತಿರ. ಅದು ಚರಂಡಿಗೆ, ಚರಂಡಿಯಿಂದ ಕುಂಟೆಗೆ, ಕುಂಟೆಯಿಂದ ದನದ ಹೊಟ್ಟೆಗೆ ಇಲ್ಲಾ ಮತ್ತೆ ನೆಲಕ್ಕೆ.

ಆದರೆ ಬರೀ ಆರ್.ಓ. ಘಟಕವನ್ನ ಬೈದರೆ ಅನ್ಯಾಯ ಆಗುತ್ತೆ. ಇನ್ನೊಂದು ಲೆಕ್ಕ ನೋಡಿ. ಅದೇ 100 ಮೈಕ್ರೋಗ್ರಾಂ ನೀರನ್ನ ತೋಟಕ್ಕೆ ದಿನಕ್ಕೆ ಒಂದು ಲಕ್ಷ ಲೀಟರ್ ಎತ್ತಿದರೆ, ದಿನಕ್ಕೆ 10 ಗ್ರಾಂ ಯುರೇನಿಯಂ ಮೇಲೆ ಬಂತು. ದಿನಕ್ಕೆ ನಾಲ್ಕು ಸಾವಿರ ಲೀಟರ್ ಎತ್ತೋ ಕುಡಿಯೋ ನೀರಿನ ಘಟಕ ಮೇಲೆ ತರೋದು 0.4 ಗ್ರಾಂ. ಇದು ನನ್ನ ಕಾಗದದ ಲೆಕ್ಕ, ಅಳತೆ ಅಲ್ಲ. ಆದರೆ ದಿಕ್ಕು ಗೊತ್ತಾಗುತ್ತಲ್ಲ? ಆಳದ ನೀರು ಕುಡಿಯೋಕೆ ಅಂತ ಎತ್ತೋದಕ್ಕಿಂತ ಬೆಳೆಗೆ ಅಂತ ಎತ್ತೋದೇ ಎಷ್ಟೋ ಪಟ್ಟು ಹೆಚ್ಚು. ಆ ನೀರು ಮುಗಿದ ಹಾಗೆ ಪೈಪ್ ಇನ್ನೂ ಕೆಳಗೆ ಇಳಿಯುತ್ತೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡಿಸಿ, ಸಾಲ ಮಾಡಿ, ಸಾವಿರದ ಐನೂರಕ್ಕೆ "ಒಂದೂವರೆ ಇಂಚು ಬಿತ್ತು" ಅಂತ ಸಿಹಿ ಹಂಚೋ ರೈತನನ್ನ ನಾನು ದೂರೋದಿಲ್ಲ. ಬೇರೆ ನೀರು ಇಲ್ಲದವನಿಗೆ ಏನು ಉಪದೇಶ ಮಾಡೋಣ? ಬೋರ್‌ವೆಲ್ ನಿಯಂತ್ರಣಕ್ಕೆ ಕರ್ನಾಟಕದಲ್ಲಿ 2011ರ ಕಾಯ್ದೆ ಇದೆ. ನಮ್ಮೂರಲ್ಲಿ ರಿಗ್ ಲಾರಿ ಬಂದಾಗ ಯಾರಾದರೂ ಕಾಯ್ದೆ ನೆನಪಿಸಿಕೊಂಡಿದ್ದು ನಾನಂತೂ ನೋಡಿಲ್ಲ.

ಇಲ್ಲಿ ನನಗೆ ಚುಚ್ಚೋ ವಿಷಯ ಒಂದಿದೆ. ನಾನು ಬೆಂಗಳೂರಲ್ಲಿ ಕೂತು ಕಾವೇರಿ ನೀರು ಕುಡೀತೀನಿ. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ನೀರು. ಐದನೇ ಹಂತವೂ 2024ರ ಅಕ್ಟೋಬರಿನಲ್ಲಿ ಶುರುವಾಯ್ತು. ನಮ್ಮಮ್ಮ ಅದೇ ಬೆಂಗಳೂರಿನಿಂದ ಒಂದೂವರೆ ಗಂಟೆ ದೂರದಲ್ಲಿ ಕೂತು ಏನಿದೆ ಅಂತ ಯಾರೂ ಅಳೆಯದ ನೀರು ಕುಡೀತಾರೆ. 2018ರ ಜೂನಿನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹೋಗ್ತಿದೆ. ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ. ಅಂದ್ರೆ ನಾನು ಕುಡಿದು ತೊಳೆದು ಬಿಟ್ಟ ನೀರು ಸುತ್ತಿ ಬಳಸಿ ಊರಿನ ಕೆರೆಗೆ. ಕೆರೆ ತುಂಬಿದ್ದು ನೋಡಿ ಜನಕ್ಕೆ ಖುಷಿ ಆಗಿರೋದು ಸುಳ್ಳಲ್ಲ, ಬತ್ತಿದ ಬೋರ್‌ವೆಲ್‌ಗಳಿಗೆ ನೀರು ಬಂದಿದ್ದೂ ಇದೆ. ಮೇಲ್ಪದರ ತುಂಬಿದರೆ ಆಳಕ್ಕೆ ಹೋಗೋದು ತಪ್ಪುತ್ತೆ, ಯುರೇನಿಯಂ ಲೆಕ್ಕದಲ್ಲಿ ಅದು ಲಾಭವೇ. ಆದರೆ ಬರೋ ನೀರು ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಣ ಆದದ್ದು. ಅದರಲ್ಲಿ ನೈಟ್ರೇಟ್ ಇದ್ದರೆ? ನೈಟ್ರೇಟಿಗೂ ಯುರೇನಿಯಂಗೂ ಇರೋ ನಂಟು ಮೇಲೆ ಹೇಳಿದೆನಲ್ಲ. ಹಾಗಾಗಿ ಮೂರನೇ ಹಂತದ ಶುದ್ಧೀಕರಣ ಕೇಳೋದು ಅತಿಯಾಸೆ ಅಲ್ಲ. ಕೆರೆ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ಯುರೇನಿಯಂ ಏರ್ತಿದೆಯಾ ಇಳೀತಿದೆಯಾ ಅಂತ ಪ್ರತಿ ವರ್ಷ ಅಳೆಯೋದಂತೂ ಕನಿಷ್ಠ ಮರ್ಯಾದೆ.

ಎತ್ತಿನಹೊಳೆ ಬಗ್ಗೆ ಕೇಳ್ತೀರಾ? 2014ರಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆ. ಬಂದರೆ ಸಂತೋಷ. ಆದರೆ ಅದು ಬರೋವರೆಗೆ ಜನ ನೀರು ಕುಡಿಯೋದು ನಿಲ್ಲಿಸೋಕಾಗಲ್ಲ. ಪಶ್ಚಿಮ ಘಟ್ಟದ ನೀರು ಬರುತ್ತೆ ಅಂತ ಕಾಯ್ತಾ ನಮ್ಮ ಕೆರೆಯ ತೂಬು ಮುರಿದಿದ್ದು ರಿಪೇರಿ ಮಾಡದೇ ಇರೋದಕ್ಕೂ ಅರ್ಥ ಇಲ್ಲ. ಹಿಂದೆ ನಮ್ಮ ಕಡೆ ಕೆರೆಗೊಬ್ಬ ನೀರುಗಂಟಿ ಇರ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನದ್ದೇ ಲೆಕ್ಕ. ಈಗ ಪ್ರತಿಯೊಬ್ಬರಿಗೂ ಸ್ವಂತ ಬೋರು, ಲೆಕ್ಕ ಯಾರ ಹತ್ತಿರಾನೂ ಇಲ್ಲ.

ಹಾಗಾದ್ರೆ ಏನು ಮಾಡಬೇಕು? ನನಗೆ ತೋಚಿದ್ದು ಇಷ್ಟು.

1. ಕುಡಿಯೋ ನೀರು ಕೊಡೋ ಪ್ರತಿ ಸರ್ಕಾರಿ ಬೋರ್‌ವೆಲ್‌ನ ಯುರೇನಿಯಂ ಪರೀಕ್ಷೆ ಆಗಬೇಕು. ಊರಿಗೆ ಕೊಡೋ ಫೀಲ್ಡ್ ಕಿಟ್‌ಗಳಲ್ಲಿ ಇದು ಗೊತ್ತಾಗಲ್ಲ, ಫ್ಲೋರಿಮೀಟರ್ ಥರದ ಉಪಕರಣ ಇರೋ ಲ್ಯಾಬೇ ಬೇಕು. ಹಾಗಾಗಿ ಜಿಲ್ಲಾ ಪ್ರಯೋಗಾಲಯಕ್ಕೆ ಆ ಶಕ್ತಿ ಕೊಡಿ. "ಮನೆ ಮನೆಗೆ ಗಂಗೆ" ಅಂತ ನಲ್ಲಿ ಹಾಕಿಸಿದ ಸರ್ಕಾರಕ್ಕೆ ಗಂಗೆಯಲ್ಲಿ ಏನಿದೆ ಅಂತ ನೋಡೋ ಜವಾಬ್ದಾರಿಯೂ ಇದೆ.

2. ಫಲಿತಾಂಶವನ್ನ ಬೋರ್‌ವೆಲ್ ಪಕ್ಕದಲ್ಲೇ ಬೋರ್ಡ್ ಮೇಲೆ ಬರೆಯಿರಿ. ಆಳ ಎಷ್ಟು, ತಾರೀಕು ಯಾವುದು, ಯುರೇನಿಯಂ ಎಷ್ಟು, ಫ್ಲೋರೈಡ್ ಎಷ್ಟು. ಕನ್ನಡದಲ್ಲಿ. ಆಳ ಮತ್ತು ಯುರೇನಿಯಂ ಒಟ್ಟಿಗೆ ಹಾಕಿದ ಒಂದು ಸಾದಾ ಪಟ್ಟಿ ಸಾಕು, ಯಾವ ಊರಿಗೆ ಮೊದಲು ಬೇರೆ ನೀರು ಬೇಕು ಅಂತ ತಾನಾಗೇ ಗೊತ್ತಾಗುತ್ತೆ.

3. 30 ದಾಟಿದ ಊರಲ್ಲಿ ಮೊದಲು ಪಕ್ಕದ ಒಳ್ಳೇ ಮೂಲ ಹುಡುಕಿ. ಕೆಲವು ಸಲ ಅದೇ ಊರಿನ ಇನ್ನೊಂದು ಬೋರು ಚೆನ್ನಾಗಿರಬಹುದು, ಎರಡನ್ನೂ ಬೆರೆಸಿದರೂ ಮಿತಿಯೊಳಗೆ ಬರಬಹುದು. ಶುದ್ಧೀಕರಣವೇ ಬೇಕು ಅಂದ್ರೆ ಆರ್.ಓ. ಒಂದೇ ದಾರಿ ಅಲ್ಲ, ಅಯಾನ್ ವಿನಿಮಯ ರಾಳ ಅಷ್ಟೊಂದು ನೀರು ಪೋಲು ಮಾಡದೆ ಯುರೇನಿಯಂ ಹಿಡಿಯುತ್ತೆ. ಎರಡರಲ್ಲೂ ಉಳಿದ ತ್ಯಾಜ್ಯಕ್ಕೆ ಯಾರು ಜವಾಬ್ದಾರಿ ಅನ್ನೋದು ಟೆಂಡರಿನಲ್ಲೇ ಬರೆದಿರಬೇಕು.

4. ಮೇಲ್ಪದರದ ನೀರು ಕಾಪಾಡಿ. ಊರಿನ ಒಂದು ಕೆರೆ, ಒಂದು ತೆರೆದ ಬಾವಿ ಕುಡಿಯೋಕೆ ಅಂತಾನೇ ಮೀಸಲಿಡಿ. ಅದರ ಸುತ್ತ ಚರಂಡಿ, ಕೋಳಿ ಗೊಬ್ಬರದ ರಾಶಿ, ಹೊಸ ಬೋರು ಬೇಡ. ಮಳೆ ನೀರಲ್ಲಿ ಯುರೇನಿಯಂ ಇಲ್ಲ. ಶಾಲೆ, ಅಂಗನವಾಡಿಯ ಮಾಡಿನಿಂದ ಶುರು ಮಾಡಬಹುದು, ಮಕ್ಕಳಿಗೇ ಮೊದಲು ಒಳ್ಳೇ ನೀರು ಸಿಗಲಿ.

ಇದರಲ್ಲಿ ರಾಕೆಟ್ ಸೈನ್ಸ್ ಏನೂ ಇಲ್ಲ. ನಾಲ್ಕನೆಯದಕ್ಕೆ ವರ್ಷಗಳು ಬೇಕು. ಮೊದಲೆರಡಕ್ಕೆ ವರ್ಷ ಬೇಡ, ಒಂದು ಬೇಸಿಗೆ ಸಾಕು.

ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಸಿಗಳೇ, "ಇದು ಹಳ್ಳಿ ಪ್ರಾಬ್ಲಂ" ಅಂತ ಪೇಜ್ ಮುಚ್ಚಬೇಡಿ. ನಮ್ಮ ಕೆಳಗೆ ಇರೋದೂ ಅದೇ ಜಾತಿಯ ಬಂಡೆ, ಅದು ಹೊಸಕೋಟೆ ಟೋಲ್‌ಗೇಟಿನಲ್ಲಿ ನಿಲ್ಲಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಿದ್ದು ನೆನಪಿದೆಯಲ್ಲ? ಆ ಟ್ಯಾಂಕರಿನ ನೀರು ಎಷ್ಟು ಅಡಿಯದ್ದು ಅಂತ ಯಾರಾದರೂ ಕೇಳಿದ್ರಾ? ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಐದು ನಿಮಿಷ ಇದಕ್ಕೂ ಕೊಡಿ.

ನಾನು ಈ ಸಲ ಊರಿನ ಗ್ರಾಮಸಭೆಗೆ ಹೋಗ್ತಾ ಇದ್ದೀನಿ. ಒಂದೇ ಸಾಲಿನ ಅರ್ಜಿ: ನಮ್ಮೂರಿಗೆ ನೀರು ಕೊಡೋ ಬೋರ್‌ವೆಲ್‌ನ ಯುರೇನಿಯಂ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನ ಪಂಚಾಯ್ತಿ ಗೋಡೆ ಮೇಲೆ ಹಾಕಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದ್ದೇ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ ಕಡೆಯವರು ಯಾರಾದರೂ ಓದ್ತಾ ಇದ್ದರೆ ನೀವೂ ಇದೇ ಸಾಲು ಬರೆದು ಕೊಡಿ, ಕಾಪಿರೈಟ್ ಏನೂ ಇಲ್ಲ :) ನಿಮ್ಮೂರಿನ ರಿಪೋರ್ಟಿನಲ್ಲಿ ಆ ಕಾಲಂ ಇದೆಯಾ, ಇದ್ದರೆ ಎಷ್ಟಿದೆ, ಬೋರು ಎಷ್ಟು ಅಡಿ... ಗೊತ್ತಾದರೆ ಕೆಳಗೆ ಬರೆಯಿರಿ. ನಮ್ಮೂರಿನದ್ದು ಸಿಕ್ಕ ದಿನ ನಾನೂ ಇಲ್ಲೇ ಹಾಕ್ತೀನಿ.